ಮಾವನ ಗ್ಲೈಡರ್ ಖಾಡಿ ದಾಟಿದ್ದು

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಮುಂಬಯಿ ಹೊರವಲಯದ ರಬಾಳೆಯ ಕಾರ್ಖಾನೆಗಳ ನಡುವೆ ಬಹಳ ವರ್ಷ ಹೋಟೆಲು ನಡೆಸಿದವರು. ನಾನು ಅಲ್ಲೇ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ, ಮಧ್ಯಾಹ್ನದ ಊಟ ಅವರಲ್ಲಿ. ಊಟಕ್ಕೆ ಹೋದವನು ಹೋಟೆಲಿನವರ ಮಗಳನ್ನೇ ಕಟ್ಟಿಕೊಂಡು ಬಂದ ಎಂದು ಆಫೀಸಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅವರು ಉಡುಪಿ ಕಡೆಯವರು, ಮನೆಯಲ್ಲಿ ತುಳು. ನಾನು ಗದಗ ಕಡೆಯವನು, ನಮ್ಮದು ಬೇರೆಯೇ ಕನ್ನಡ. ಮದುವೆಯ ಹೊಸತರಲ್ಲಿ ಅವರ ಮನೆಯಲ್ಲಿ ನಾನು ಮಾತಾಡಿದರೆ ಎಲ್ಲರೂ ನಗುತ್ತಿದ್ದರು, ಅವರು ಮಾತಾಡಿದರೆ ನಾನೊಬ್ಬನೇ ನಗದೆ ಕೂತಿರುತ್ತಿದ್ದೆ.

ಗಲ್ಲಾದ ಹಿಂದೆ ಕೂತ ಮನುಷ್ಯನಿಗೆ ಗ್ಲೈಡರ್ ಹುಚ್ಚು ಹಿಡಿಯಬಹುದೆಂದು ಯಾರೂ ಅಂದುಕೊಂಡಿರಲಾರರು. ಹೋಟೆಲಿಗೆ ಚಹಕ್ಕೆ ಬರುತ್ತಿದ್ದ ಒಬ್ಬ ಎಂಜಿನಿಯರು ಒಂದು ದಿನ ಮುರಿದ ರೆಕ್ಕೆಯೊಂದನ್ನು ಟೇಬಲ್ಲಿನ ಮೇಲಿಟ್ಟು ಅಂಟು ಹಚ್ಚುತ್ತಿದ್ದನಂತೆ. ಮಾವ ನೋಡಿದರು, ಏನದು ಎಂದು ಕೇಳಿದರು, ಅಲ್ಲಿಗೆ ಅವರ ಕಥೆ ಮುಗಿಯಿತು. ಎಂಜಿನ್ನಿಲ್ಲ, ಸದ್ದಿಲ್ಲ, ಗಾಳಿಯ ಮೇಲೆಯೇ ತೇಲುವ ವಿಮಾನ. ನೆಲದಲ್ಲಿ ನಿಂತವರ ಕೈಯಲ್ಲಿ ರಿಮೋಟು. ಬಾಲ್ಸಾ ಎಂಬ ಹಗುರ ಮರದ ಹಾಳೆಗಳನ್ನು ತರಿಸಿಕೊಂಡು, ಊಟದ ಗಲಾಟೆ ಇಳಿದ ಮೇಲೆ ತರಕಾರಿ ಹೆಚ್ಚುವ ಕಟ್ಟೆಯ ಮೇಲೆ ಬ್ಲೇಡು ಹಿಡಿದು ಕೂರುತ್ತಿದ್ದರು. "ಈ ಜನಕ್ಕೆ ಕೊತ್ತಂಬರಿ ಹೆಚ್ಚಲಿಕ್ಕೆ ಹೇಳಿದ್ರೆ ಮಾತ್ರ ಪುರುಸೊತ್ತಿಲ್ಲ" ಎಂದು ಅತ್ತೆ ಗೊಣಗುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಹೋಟೆಲು ಬೇರೆಯವರ ಕೈಗೆ ಹೋಯಿತು. ಕಾಮೋಠೆಯಲ್ಲಿದ್ದ ತಮ್ಮ ಮನೆಗೆ ಬೀಗ ಹಾಕಿ ಮಾವ ಡೊಂಬಿವಲಿಗೆ, ನಮ್ಮ ಜೊತೆ ಇರಲು ಬಂದರು. ಬಟ್ಟೆಬರೆಗೆ ಒಂದು ಪೆಟ್ಟಿಗೆ ಸಾಕಾಗಿತ್ತು; ಮರ, ಅಂಟು, ತಂತಿಗಳಿಗೆ ಟೆಂಪೋವೇ ಬೇಕಾಯಿತು. ಗ್ಯಾಲರಿಯಲ್ಲಿದ್ದ ವಾಷಿಂಗ್ ಮಷಿನ್ನು ಬಚ್ಚಲಿಗೆ ಸರಿಯಿತು, ಆ ಜಾಗದಲ್ಲಿ ಅವರ ಮೇಜು ಬಂದು ಕೂತಿತು. ಅಷ್ಟು ಹೊತ್ತಿಗಾಗಲೇ ಅವರ ಕೈ ನಡುಗಲು ಶುರುವಾಗಿತ್ತು. ಪಾರ್ಕಿನ್ಸನ್ ಎಂದರು ಡಾಕ್ಟರು. ದನಿಯೂ ಕುಗ್ಗಿತು. ಗಲ್ಲಾದಿಂದ ಅಡುಗೆಮನೆಯವರೆಗೆ ಆರ್ಡರು ಕೂಗುತ್ತಿದ್ದ ಗಂಟಲಿನಲ್ಲಿ ಈಗ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವ ಮಾತು ಉಳಿದಿತ್ತು.

ಆ ಕೈಯಲ್ಲೇ ಅವರು ಈ ಗ್ಲೈಡರ್ ಕಟ್ಟಿದರು. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ನಡುಕ ತಗ್ಗುತ್ತದೆ. ಆ ಹೊತ್ತಿಗಾಗಿ ಕಾದು ಕೂತು ರೆಕ್ಕೆಯ ಒಂದು ಪಕ್ಕೆಲುಬು ಕೊಯ್ಯುವುದು, ಮರುದಿನ ಇನ್ನೊಂದು. ಅಂಟಿಸಿದ್ದು ವಾರೆಯಾದರೆ ಕಿತ್ತು ಮತ್ತೆ ಅಂಟಿಸುವುದು. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಬಾಲದ ರಡ್ಡರ್. ವಿಮಾನವನ್ನು ಆ ಕಡೆ ಈ ಕಡೆ ತಿರುಗಿಸುವ ಪಟ್ಟಿ ಅದು. ಅದನ್ನು ಅಲ್ಲಾಡಿಸುವ ಪುಟ್ಟ ಮೋಟರಿಗೆ ಸೋಲ್ಡರ್ ಹಾಕಿ ತಂತಿ ಬೆಸೆಯಬೇಕಿತ್ತು. ನಾನು ಮಾಡಿಕೊಡುತ್ತೇನೆ ಎಂದರೆ ಕೇಳಲಿಲ್ಲ.

"ನಡುಗಿದ್ರೆ ನಡುಗ್ಲಿ. ಕೆಲಸ ಆದ್ರೆ ಆಯ್ತಲ್ವಾ?" ಎಂದರು.

ಎಷ್ಟೋ ಸಲ ಬಿಟ್ಟುಹೋಯಿತು, ಬೆರಳು ಸುಟ್ಟುಕೊಂಡರು, ಕೊನೆಗೊಂದು ದಿನ ಬೆಸುಗೆ ಕೂತಿತು. ಅವತ್ತು ಅವರು ಥರ್ಮಾಸಿನಿಂದ ತಾವೇ ಚಹ ಬಗ್ಗಿಸಿಕೊಂಡು, ತಾವೇ ಲೋಟ ಎತ್ತಿ ಕುಡಿದರು. ಚೆಲ್ಲಿದ್ದು ಚೆಲ್ಲಿತು, ಒರೆಸಲು ಹೋಗಬೇಡಿ ಎಂದು ಹೆಂಡತಿ ನನಗೆ ಕಣ್ಸನ್ನೆ ಮಾಡಿದಳು. ಆ ಕೈಯಿಂದ ಇನ್ನೂ ಕೆಲಸ ಆಗುತ್ತದೆ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಇದ್ದ ಸಾಕ್ಷಿ ಆ ಗ್ಲೈಡರ್ ಒಂದೇ. ಅದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹಾರಿಸುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ. ರಿಮೋಟಿನ ಕಡ್ಡಿ ಒಂಚೂರು ಸರಿದರೂ ಮೇಲೆ ವಿಮಾನ ಹೊರಳುತ್ತದೆ. ಹಾಗಾಗಿ ಕೈ ನನ್ನದು, ತಲೆ ಅವರದು. ಅವರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹೇಳುತ್ತಾರೆ, ನಾನು ಪಕ್ಕದಲ್ಲಿ ನಿಂತು ಮಾಡುತ್ತೇನೆ. ಮೊದಮೊದಲು ಲೆಫ್ಟ್, ರೈಟ್ ಎಂದೇ ಹೇಳುತ್ತಿದ್ದರು. ಆದರೆ ಹೋಟೆಲಿನವರ ಬಾಯಲ್ಲಿ ರೈಟ್ ಎಂದರೆ ಸರಿ, ಆಯ್ತು, ಮುಂದೆ ನಡಿ, ಎಲ್ಲವೂ. ಒಮ್ಮೆ ಹಳೆಯ ಗ್ಲೈಡರ್ ಒಂದನ್ನು ನಾನು ಚೆನ್ನಾಗಿ ತಿರುಗಿಸಿದೆನೆಂದು ಖುಷಿಯಲ್ಲಿ "ರೈಟ್, ರೈಟ್" ಎಂದರು. ನಾನು ಆಜ್ಞಾಧಾರಕನಂತೆ ಬಲಕ್ಕೆ ತಿರುಗಿಸಿ ಜಾಲಿಯ ಮುಳ್ಳಿನಲ್ಲಿ ಸಿಕ್ಕಿಸಿದೆ. ರೆಕ್ಕೆ ಬಿಡಿಸಿಕೊಂಡು ಬಂದು ಅಲ್ಲೇ ತೀರ್ಮಾನ ಮಾಡಿದೆವು: ಇನ್ನು ಇಂಗ್ಲಿಷು ಬೇಡ, ಏನಿದ್ದರೂ ಕನ್ನಡ. ಎಡ, ಬಲ, ಮೇಲೆ, ಕೆಳಗೆ. "ಕನ್ನಡದಲ್ಲಾದ್ರೆ ಕನ್ಫ್ಯೂಸ್ ಇಲ್ಲ" ಎಂದರು ಮಾವ. ಮುಂಬಯಿಯ ಆಚೆ ತುದಿಯಲ್ಲಿ ನಿಂತು ಕನ್ನಡ ಉಳಿಸಿದವರಂತೆ ನಾನೂ ಬೀಗಿದೆ.

ಮೊದಲು ನಾವು ಕಾಮೋಠೆಯ ಕಡೆ, ಖಾಡಿಯ, ಅಂದರೆ ಸಮುದ್ರ ಒಳಗೆ ಚಾಚಿದ ಹಿನ್ನೀರಿನ, ಅಂಚಿನ ಖಾಲಿ ಜಾಗದಲ್ಲಿ ಹಾರಿಸುತ್ತಿದ್ದೆವು. ಅಲ್ಲಿ ಹತ್ತಿರದಲ್ಲೇ ನಿಜವಾದ ವಿಮಾನಗಳು ಇಳಿಯುವ ಕಾಲ ಬಂದ ಮೇಲೆ ನಮ್ಮ ಆಟಕ್ಕೆ ಜಾಗ ಉಳಿಯಲಿಲ್ಲ. ಆಮೇಲೆ ಹುಡುಕಿಕೊಂಡದ್ದು ಡೊಂಬಿವಲಿ ಪಶ್ಚಿಮದ ಕೊನೆಯ ಒಂದು ಬಯಲು. ನಾಳೆ ಟವರು ಏಳಲಿರುವ ಜಾಗ. ಇವತ್ತಿಗೆ ಹುಲ್ಲು, ಎಮ್ಮೆ, ಕ್ರಿಕೆಟ್ಟು. ಅದರಾಚೆ ಖಾಡಿ, ಖಾಡಿಯ ದಡಕ್ಕೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು, ಆಚೆ ದಡದಲ್ಲಿ ಭಿವಂಡಿ ಕಡೆಯ ಗೋಡೌನುಗಳ ತಗಡಿನ ಮಾಡುಗಳು.

ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಮೂವರೂ ಹೋದೆವು. ಹೊಸ ಗ್ಲೈಡರ್ ಅದಕ್ಕೆ ಮುಂಚೆ ಒಂದೆರಡು ಸಲ ಚಿಕ್ಕದಾಗಿ ಹಾರಿ ಇಳಿದಿತ್ತು ಅಷ್ಟೆ. ನೆಲಕ್ಕೆ ಬಡಿದ ಗೂಟಕ್ಕೆ ಉದ್ದನೆಯ ರಬ್ಬರು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಗ್ಲೈಡರಿಗೆ ಸಿಕ್ಕಿಸಿ, ಹಿಂದಕ್ಕೆ ನಡೆದು ಎಳೆದು ಬಿಡುವುದು ಹೆಂಡತಿಯ ಕೆಲಸ. ಅವಳು ದೂರದಲ್ಲಿ ನಿಂತು ಕೈ ಎತ್ತಿದಳು, ಬಿಟ್ಟಳು. ಕವಣೆಯ ಕಲ್ಲಿನಂತೆ ಏರಿ, ಮೇಲೆ ಹಗ್ಗ ಕಳಚಿಕೊಂಡು, ಅದು ತೇಲತೊಡಗಿತು. ಕೆಳಗಿನಿಂದ ಅದರ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು.

ಖಾಡಿಯ ಅಂಚಿನಲ್ಲಿ ಎರಡು ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. ಹಾಗೆ ಸುತ್ತುತ್ತಿದ್ದರೆ ಅಲ್ಲಿ ಬಿಸಿಗಾಳಿ ಮೇಲೇಳುತ್ತಿದೆ ಎಂದು ಲೆಕ್ಕ. ಮಾವ ಅದನ್ನೇ ನೋಡುತ್ತಿದ್ದರು. "ಎಡ" ಎಂದರು, "ಇನ್ನೂ ಎಡ. ಸಾಕು. ಈಗ ಅದ್ರಷ್ಟಕ್ಕೆ ಸುತ್ತಲಿ." ಗ್ಲೈಡರ್ ಹದ್ದುಗಳ ಸುತ್ತಿಗೆ ಸೇರಿಕೊಂಡಿತು, ಮತ್ತು ಯಾರೋ ಮೇಲಿನಿಂದ ದಾರ ಎಳೆದಂತೆ ಏರುತ್ತಲೇ ಹೋಯಿತು. ಮಾವ ನಕ್ಕರು. ಈ ಕಾಯಿಲೆ ಮುಖವನ್ನೂ ಬಿಗಿಯುತ್ತದೆ. ಅವರು ಹಾಗೆ ನಕ್ಕದ್ದು ನೋಡಿ ಎಷ್ಟು ಕಾಲವಾಗಿತ್ತೋ.

"ಹೋಗ್ತಾ ಉಂಟು ನೋಡಿ ಮಾರಾಯ್ರೆ! ಮೇಲೆ ಮೇಲೆ ಹೋಗ್ತಾ ಉಂಟು!"

"ಭಾರಿ ಆತ್ ಬಿಡ್ರಿ ಮಾವಾ" ಎಂದೆ.

ಏರುತ್ತಿದ್ದ ಹಾಗೆ ಅದು ಗಾಳಿಯ ಜೊತೆ ಖಾಡಿಯ ಮೇಲಕ್ಕೂ ಸರಿಯುತ್ತಿತ್ತು. ಬೆಳಗಿನ ಹೊತ್ತು ಗಾಳಿ ಬೀಸುವುದೇ ನೆಲದಿಂದ ನೀರಿನ ಕಡೆಗೆ. ಸಾಕು, ಇನ್ನು ವಾಪಸ್ ತನ್ನಿ ಎಂದರು. ತಿರುಗಿಸಿದೆ. ಅದು ಮೂತಿಯನ್ನು ನಮ್ಮ ಕಡೆ ಮಾಡಿ, ಗಾಳಿಗೆ ಎದುರಾಗಿ, ನಿಧಾನವಾಗಿ ಬರತೊಡಗಿತು. ಎಲ್ಲ ಸರಿಯಾಗಿತ್ತು. ಸುಮ್ಮನೆ ಬಿಟ್ಟಿದ್ದರೆ ಬಂದು ನಮ್ಮ ತಲೆಯ ಮೇಲೇ ನಿಲ್ಲುತ್ತಿತ್ತು.

"ಬಲ" ಎಂದರು ಮಾವ, ಮೆತ್ತಗೆ.

ಕಡ್ಡಿಯನ್ನು ಬಲಕ್ಕೆ ಸರಿಸಿದೆ. ಗ್ಲೈಡರ್ ದಾರಿ ಬಿಟ್ಟು ಓರೆಯಾಯಿತು.

"ಬಲ, ಬಲ" ಎಂದರು. ಇನ್ನೂ ಬಲಕ್ಕೆ ಸರಿಸಿದೆ. ಅದು ನಮಗೆ ಪಕ್ಕೆ ತೋರಿಸಿತು, ಆಮೇಲೆ ಬಾಲ. ನನಗೆ ವಿಚಿತ್ರವೆನಿಸಿತು. ಆದರೆ ಅವರು ಕಂಡದ್ದು ನನಗೆ ಕಾಣುವುದಿಲ್ಲ, ಅವರು ಹೇಳಿದ್ದಕ್ಕೆ ಎದುರಾಡಬಾರದು ಎಂಬುದು ನಾನೇ ನನಗೆ ಹಾಕಿಕೊಂಡ ಕಟ್ಟು. ಅದು ದೂರ ಹೋದಷ್ಟೂ ಅವರ ದನಿ ಅವಸರವಾಯಿತು, "ಬಲ, ಬಲ, ಬಲ!" ದನಿ ಅವಸರವಾದಷ್ಟೂ ನಾನು ಬಲಕ್ಕೆ ಒತ್ತಿದೆ, ನಾನು ಒತ್ತಿದಷ್ಟೂ ಅದು ಸುತ್ತುತ್ತ ಗಾಳಿಗೆ ಸಿಕ್ಕಿ ದೂರ ಹೋಯಿತು.

ಆಗ ಓರೆಗಣ್ಣಿಗೆ ಅವರ ಕೈ ಬಿತ್ತು. ಮುಂದಕ್ಕೆ ಚಾಚಿದ ಕೈ. ಬೆರಳುಗಳು ಒಳಗೆ ಮಡಿಯುತ್ತಿದ್ದವು, ಬಿಚ್ಚುತ್ತಿದ್ದವು, ಮತ್ತೆ ಮಡಿಯುತ್ತಿದ್ದವು. ಎಷ್ಟು ನಡುಗಿದರೂ ಆ ಸನ್ನೆ ಬೇರೆ ಏನೂ ಆಗಿರಲು ಸಾಧ್ಯವಿರಲಿಲ್ಲ. ಅಂಬೆಗಾಲಿಡುವ ಮಗುವನ್ನು ಹತ್ತಿರಕ್ಕೆ ಕರೆಯುವ ಸನ್ನೆ. ತುಳುವಿನಲ್ಲಿ ಬಲ ಎಂದರೆ ಬಾ. ಇಷ್ಟು ವರ್ಷ ನಮ್ಮ ಮನೆಯಲ್ಲಿ ದಿನಬೆಳಗಾದರೆ ಕೇಳಿದ ಮಾತು. ಕಿಟಕಿಗೆ ಬರುವ ಬೆಕ್ಕನ್ನು ನನ್ನ ಹೆಂಡತಿ ಕರೆಯುವುದು ಹಾಗೆಯೇ. ಮಾವ ನನಗೆ ಏನನ್ನೂ ಹೇಳುತ್ತಿರಲಿಲ್ಲ. ಅವರು ತಾವು ಕಟ್ಟಿದ್ದನ್ನು ಮನೆಗೆ ಕರೆಯುತ್ತಿದ್ದರು.

ಎಡಕ್ಕೆ ಎಳೆದೆ. ಅಷ್ಟರಲ್ಲಿ ಅದು ಖಾಡಿಯ ಮೇಲೆ ಒಂದು ಚುಕ್ಕೆಯಾಗಿತ್ತು. ಚುಕ್ಕೆಗೆ ಮೂತಿ ಯಾವುದು, ಬಾಲ ಯಾವುದು? ಇತ್ತ ಬರುತ್ತಿದೆಯೋ ಅತ್ತ ಹೋಗುತ್ತಿದೆಯೋ ತಿಳಿಯದೆ ಎಡ ಬಲ ಎರಡೂ ಒಂದೇ ಆಗಿಹೋಯಿತು. ಕೈಯಲ್ಲಿ ರಿಮೋಟಿದೆ, ಅದರ ದೀಪ ಉರಿಯುತ್ತಿದೆ, ನಾನು ಹೇಳಿದ್ದನ್ನು ಅಲ್ಲೆಲ್ಲೋ ಅದು ಚಾಚೂ ತಪ್ಪದೆ ಕೇಳುತ್ತಲೂ ಇದೆ. ಏನು ಹೇಳಬೇಕೆಂದು ನನಗೇ ಗೊತ್ತಿಲ್ಲ. ಅಂಥ ಅಸಹಾಯಕತೆಯನ್ನು ನಾನು ಆವರೆಗೆ ಕಂಡಿರಲಿಲ್ಲ. ಒಮ್ಮೆ ಕಿತ್ತಳೆ ಮಿಂಚಿದಂತಾಯಿತು. ಗೋಡೌನುಗಳ ಮೇಲಿನ ಮಬ್ಬಿನೊಳಗೆ ಅದು ಇಳಿಯಿತೋ ಏರಿತೋ, ಆಮೇಲೆ ಬರೀ ಮಬ್ಬು.

ಹೆಂಡತಿ ಓಡಿ ಬಂದಳು. ಮಾವನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅವರೇ ಅದನ್ನು ಇನ್ನೊಂದು ಕೈಯಿಂದ ಹಿಡಿದು ತೊಡೆಯ ಮೇಲಿಟ್ಟುಕೊಂಡರು.

"ಸೋಲ್ಡರ್ ಬಿಟ್ಟಿತು" ಎಂದರು. "ಸರಿ ಬರ್ತಾ ಇದ್ದದ್ದು ತನ್ನಷ್ಟಕ್ಕೆ ತಿರುಗಿತಲ್ಲಾ. ರಡ್ಡರಿನ ತಂತಿ ಬಿಟ್ಟಿತು. ನನ್ನ ಕೈಯ ಕೆಲಸ, ಮತ್ತೆಂತ ಆಗ್ತದೆ."

ಅಲ್ಲರಿ, ಅದು ನೀವು ಕರೆದದ್ದಕ್ಕೆ ಹೋಯಿತು ಎಂದು ಹೇಳುವುದು ಹೇಗೆ? ರಿಮೋಟು ಆರಿಸಿ ಕಾರಿನ ಬಾಗಿಲು ತೆರೆದೆ.

ಖಾಡಿಗೆ ಹೊಸದಾಗಿ ಆಗಿರುವ ಸೇತುವೆಯ ಮೇಲೆ ಕಾರು ಓಡಿಸಿ ಆಚೆ ದಡಕ್ಕೆ ಹೋದೆವು. ಸೇತುವೆಯಿಲ್ಲದ ಕಾಲದಲ್ಲಾಗಿದ್ದರೆ ಆಸೆಯನ್ನಾದರೂ ಬಿಡಬಹುದಿತ್ತು. ಅಲ್ಲಿ ಗೋಡೌನಿನ ಪಕ್ಕ ಗೋಡೌನು, ಎಲ್ಲಕ್ಕೂ ಒಂದೇ ತಗಡು, ಒಂದೇ ಎತ್ತರದ ಗೋಡೆ. ಅದು ಯಾವುದಾದರೂ ಮಾಡಿನ ಮೇಲೆ ಬಿದ್ದಿದ್ದರೆ ಇನ್ನೊಂದು ಹದ್ದಿಗಷ್ಟೇ ಕಾಣುತ್ತಿತ್ತು. ಒಂದು ಗೇಟಿನಲ್ಲಿ ವಾಚ್‌ಮನ್‌ನನ್ನು ಕೇಳಿದೆ, ಇಲ್ಲೆಲ್ಲಾದರೂ ವಿಮಾನ ಬಿತ್ತೇ ಎಂದು. ಅವನು ಕುರ್ಚಿಯಿಂದ ಎದ್ದೇಬಿಟ್ಟ. "ವಿಮಾನ್ ಗಿರಾ? ಕಹಾಂ? ಕಿತ್ನೇ ಲೋಗ್ ಥೇ?" ಜನ ಇರಲಿಲ್ಲ, ಆಟದ ವಿಮಾನ ಎಂದು ವಿವರಿಸಿದ ಮೇಲೆ ನನ್ನ ನೆರೆತ ತಲೆಯನ್ನೊಮ್ಮೆ ನೋಡಿ ಮತ್ತೆ ಕೂತ. ಬೇರೆ ದಿನವಾಗಿದ್ದರೆ ಕಾರಿನಲ್ಲಿ ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಮಾವ ಕಾರಿನಿಂದ ಇಳಿಯಲೂ ಇಲ್ಲ. "ಸಾಕು, ಮನೆಗೆ ಹೋಗುವ" ಎಂದರು.

ಆ ರಾತ್ರಿಯೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. "ಪಪ್ಪನ ಹತ್ರ ಹೇಳ್ಬೇಡಿ. ತಾನೇ ಕಳೆದದ್ದು ಅಂತ ಗೊತ್ತಾದ್ರೆ ಅವರು ತಡ್ಕೊಳ್ಳುದಿಲ್ಲ" ಎಂದಳು. ನನಗೂ ಅದೇ ಸರಿ ಎನಿಸಿತು. ಎಲ್ಲ ಮರೆತುಹೋಗುತ್ತದೆ, ಇನ್ನೊಂದು ಕಟ್ಟಿಕೊಳ್ಳುತ್ತಾರೆ ಎಂದುಕೊಂಡೆ.

ಅವರು ಇನ್ನೊಂದು ಕಟ್ಟಲಿಲ್ಲ. ಮೇಜಿನ ಮೇಲೆ ಹಳೆಯ ಚಾದರ ಹೊದಿಸಿದರು. ಸೋಲ್ಡರ್ ಹಿಡಿಯದ ಕೈ ಎಂದು ಮನಸ್ಸಿನಲ್ಲಿ ಒಮ್ಮೆ ಬರೆದುಕೊಂಡ ಮೇಲೆ ಆ ಕೈಗೆ ಯಾವ ಕೆಲಸವನ್ನೂ ಕೊಡಲೊಲ್ಲರು. ಗಡ್ಡಕ್ಕೆ ಕಟಿಂಗ್‌ನವನನ್ನು ಮನೆಗೆ ಕರೆಸಿ ಎಂದರು. ಅಂಗಿಯ ಗುಂಡಿ ಹಾಕಲು ಮಗಳನ್ನು ಕಾದು ನಿಂತರು. ಒಂದು ಬೆಳಿಗ್ಗೆ ಚಹದ ಲೋಟ ಮುಂದಿಟ್ಟರೆ ಎತ್ತಲೇ ಇಲ್ಲ, ಅದು ಕೆನೆಗಟ್ಟುವವರೆಗೂ ನೋಡುತ್ತ ಕೂತರು. ಕೊನೆಗೆ ಹೆಂಡತಿಯೇ ಲೋಟ ಹಿಡಿದು ಕುಡಿಸಿದಳು, ಅವರು ಕಣ್ಣು ಮುಚ್ಚಿಕೊಂಡು ಕುಡಿದರು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಕಾಯಿಲೆಯ ಮೇಲೂ ಅಲ್ಲ. ಒಂದು ಮಾತಿಗೆ ಎರಡು ಅರ್ಥ ಇಟ್ಟವರ ಮೇಲೆ, ಅಂಥವರು ಯಾರಾದರೂ ಇದ್ದರೆ. ನಾನು ಬಾಯಿ ಬಿಟ್ಟರೆ ಮಾವನ ಮಾತು ತಪ್ಪಾಗುತ್ತದೆ, ಬಿಡದಿದ್ದರೆ ಅವರ ಕೈ ತಪ್ಪಾಗುತ್ತದೆ. ಎರಡೂ ತಪ್ಪಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ರಜೆಯ ದಿನ ನೋಡಿದರೆ ಚಾದರ ಸರಿದಿತ್ತು. ಮಾವ ಬಾಲ್ಸಾ ಹಾಳೆಗಳನ್ನು ಹಳೆಯ ಪೇಪರಿನ ಕಟ್ಟಿಗೆ ಸೇರಿಸುತ್ತಿದ್ದರು. ರದ್ದಿಯವನು ಬಂದರೆ ಕೊಟ್ಟುಬಿಡಿ, ಗ್ಯಾಲರಿಯಲ್ಲಿ ಮಷಿನ್ನು ಇಟ್ಟುಕೊಳ್ಳಿ ಎಂದರು. ನನಗೆ ತಡೆಯಲಾಗಲಿಲ್ಲ.

"ಮಾವಾ, ಸೋಲ್ಡರ್ ಬಿಟ್ಟಿರಲಿಲ್ಲರಿ" ಎಂದೆ. "ಅದು ನಾ ಹೇಳಿದಂಗಽ ತಿರುಗೇತಿ. ನಾನಽ ಬಲಕ್ಕ ತಿರುಗಿಸಿದ್ದೆ."

"ನೀವು ಯಾಕೆ ತಿರುಗಿಸಿದ್ದು?"

"ನೀವು ಬಲ ಅಂದ್ರಲ್ಲ."

ಅಡುಗೆಮನೆಯಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಮಾವ ಪೇಪರಿನ ಕಟ್ಟಿನಿಂದ ತಲೆ ಎತ್ತಿದರು.

"ನಾನು ಅದನ್ನು ಕರೆದದ್ದು ಮಾರಾಯ್ರೆ" ಎಂದರು.

"ಗೊತ್ತಾತ್ರಿ. ಗೊತ್ತಾಗೂದ್ರಾಗ ದೂರ ಹೋಗಿಬಿಟ್ಟಿತ್ತು."

ಅವರು ಕುಸಿದುಹೋಗುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಪೇಪರಿನ ಕಟ್ಟನ್ನು ಕೆಳಗಿಟ್ಟು, ಒಂದೊಂದೇ ಮಾತು ಜೋಡಿಸಿ ಕೇಳಿದರು: "ನಾನು ಬಲ ಅಂದಾಗೆಲ್ಲಾ ನೀವು ತಿರುಗಿಸಿದ್ರಿ. ತಿರುಗಿಸಿದಾಗೆಲ್ಲಾ ಅದು ತಿರುಗಿತು. ಹೌದಾ?"

"ಹೌದ್ರಿ. ಪ್ರತಿ ಸಲಾನೂ."

"ಅಷ್ಟು ದೂರದಲ್ಲೂ?"

"ಅಷ್ಟು ದೂರದಾಗೂ."

"ಹಾಗಾದ್ರೆ ನನ್ನ ಸೋಲ್ಡರ್ ಗಟ್ಟಿ ಇತ್ತು" ಎಂದು ಅವರು ಮಗಳ ಕಡೆ ತಿರುಗಿದರು. ಕಳೆದುಹೋದದ್ದರ ನೆನಪೂ ಅವರಿಗೆ ಇದ್ದಂತೆ ಕಾಣಲಿಲ್ಲ. ಬಿಗಿದ ಮುಖ ಸಡಿಲವಾಗಿ, ಖಾಡಿಯ ದಡದಲ್ಲಿ ನಕ್ಕಿದ್ದರಲ್ಲ, ಹೆಚ್ಚುಕಡಿಮೆ ಹಾಗೆಯೇ ನಕ್ಕರು. ಮೊದಲೇ ಹೇಳದೆ ಇಷ್ಟು ದಿನ ದಂಡ ಮಾಡಿದೆವಲ್ಲ ಎಂದು ಹೆಂಡತಿಯ ಮುಖ ನೋಡಿದೆ.

"ಐರನ್ ಬಿಸಿಗೆ ಇಡಿ. ಮಾತ್ರೆ ಕೊಡು ಮಗಾ" ಎಂದರು.

ಮಾತ್ರೆ ನುಂಗಿ, ಅದು ಹಿಡಿಯುವವರೆಗೆ ಕಾದು, ಕುರ್ಚಿ ಎಳೆದುಕೊಂಡು ಕೂತರು. ಹಳೆಯದೊಂದು ಮೋಟರು, ಎರಡು ತುಂಡು ತಂತಿ. ನಾನು ತಂತಿಯನ್ನು ಇಕ್ಕಳದಲ್ಲಿ ಕಚ್ಚಿಸಿಕೊಟ್ಟೆ. ಸೋಲ್ಡರಿಂಗ್ ಐರನ್ನಿನ ತುದಿ ತಂತಿಯ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ. ಇನ್ನೊಮ್ಮೆ ತಂದರು, ಈ ಸಲ ಮೇಜಿನ ಮರ ಸುಟ್ಟಿತು. ಚಳಿಗಾಲದಿಂದ ಮಳೆಗಾಲದ ಅಂಚಿಗೆ ಬರುವಷ್ಟರಲ್ಲಿ ಕಾಯಿಲೆ ತನ್ನ ಪಾಡಿಗೆ ತಾನು ಮುಂದೆ ಹೋಗಿತ್ತು. ಲೋಟ ಎತ್ತದ, ಗುಂಡಿ ಹಾಕದ ಆ ತಿಂಗಳುಗಳಲ್ಲಿ ಅದನ್ನು ಯಾರೂ ಅಳೆದು ನೋಡಿರಲಿಲ್ಲ. ಮಾತ್ರೆ ಹಿಡಿಯಬೇಕಾದ ಹೊತ್ತು ಬಂದು ಹೋಯಿತು. ಮತ್ತೆ ಮತ್ತೆ ತಂದರು. ಸೀಸ ಕರಗಿ ಹನಿಹನಿಯಾಗಿ ತಂತಿಯ ಆಚೆಗೆ ಬಿದ್ದು ಗಟ್ಟಿಯಾಯಿತು. ಹೆಂಡತಿ ಏನೋ ನೆಪ ಮಾಡಿ ಒಳಗೆ ಹೋದಳು.

ಅವರು ತಲೆ ಎತ್ತಲಿಲ್ಲ. "ನನ್ನ ಮಣಿಕಟ್ಟು ಸ್ವಲ್ಪ ಹಿಡ್ಕೊಳ್ಳಿ, ನೋಡುವ" ಎಂದರು.

ಹಿಡಿದೆ. ಇಷ್ಟು ವರ್ಷದಲ್ಲಿ ಅವರ ಕೈಯನ್ನು ನಾನು ಹಾಗೆ ಹಿಡಿದದ್ದು ಅದೇ ಮೊದಲು. ಎಲುಬೇ ಸಿಗುವಷ್ಟು ತೆಳ್ಳಗಾಗಿತ್ತು. ನಡುಕ ಚರ್ಮದಲ್ಲಿರಲಿಲ್ಲ, ಎಲ್ಲೋ ಒಳಗಿನಿಂದ ಬರುತ್ತಿತ್ತು. ಇನ್ನೊಂದು ಕೈಯನ್ನೂ ತಂದು ಎರಡೂ ಕೈಯಿಂದ ಹಿಡಿದೆ.

"ಹಿಡ್ಕೊಂಡಿದ್ದೀರಲ್ಲಾ?" ಎಂದು ಕೇಳಿದರು.

"ಹಿಡಕೊಂಡೀನ್ರಿ ಮಾವಾ" ಎಂದೆ. ನನ್ನ ಶಕ್ತಿಯಿದ್ದಷ್ಟೂ ಬಿಗಿಯಾಗಿ ಹಿಡಿದಿದ್ದೆ. ಅದು ನಡುಗುತ್ತಲೇ ಇತ್ತು.